ರಣಧೀರರಿಗೆ ಮುನ್ನ

ರಣಧೀರ ಕಂಠೀರವ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು 1960ರ ಚಲನಚಿತ್ರದ ರಾಜಕುಮಾರ್. ಅದನ್ನು ತಯಾರಿಸಿದ್ದು ಕನ್ನಡ ಚಲನಚಿತ್ರ ಕಲಾವಿದರ ಸಂಘ. ಆಗ ಕನ್ನಡ ಚಿತ್ರಗಳ ಕೆಲಸ ಬಹುಮಟ್ಟಿಗೆ ನಡೆಯುತ್ತಿದ್ದುದು ಮದರಾಸಿನಲ್ಲೇ. ಹಾಗಾಗಿ ರಾಯಪುರಂನಲ್ಲಿರುವ ನಮಗೆ ಕಂಠೀರವರು ನಮ್ಮೂರಿನವರೇ ಎಂಬ ಸಲಿಗೆ. ಅದಕ್ಕೂ ಮುಂಚೆ ನಾಟಕಕಾರ ಸಂಸರು (1898–1939) ಇದೇ ಕಾಲವನ್ನು ‘ವಿಗಡ ವಿಕ್ರಮರಾಯ’ದಲ್ಲಿ ರಂಗಕ್ಕೆ ತಂದಿದ್ದರು. ಚಿತ್ರದ ಹೆಸರು ಅರಸರದು, ನಾಟಕದ ಹೆಸರು ದಳವಾಯಿಯದು. ಇವರಿಬ್ಬರ ನಡುವೆ ಮರೆಯಾದ ಮತ್ತೊಬ್ಬರಿದ್ದಾರೆ.

ಮೈಸೂರಿನ ರಾಜ ಒಡೆಯರು 1617ರಲ್ಲಿ ತೀರಿಕೊಂಡರು. ಮೊಮ್ಮಗ ಚಾಮರಾಜ ಒಡೆಯರು 1637ರವರೆಗೆ ಆಳಿದರು. ಅನಂತರ ಪಟ್ಟಕ್ಕೆ ಬಂದವರು ಇಮ್ಮಡಿ ರಾಜ ಒಡೆಯರು. ತಂದೆ ರಾಜ ಒಡೆಯರು ಕಣ್ಮುಚ್ಚಿದ ಮೇಲೆ ಹುಟ್ಟಿದ ಮಗ. ಆಡಳಿತದ ಸೂತ್ರ ದಳವಾಯಿ ವಿಕ್ರಮರಾಯನ ಕೈಯಲ್ಲಿತ್ತು. ತಾವೇ ಆಳಬೇಕೆಂದು ಹೊರಟ ತರುಣ ಅರಸರು ಸುಮಾರು ಒಂದೂವರೆ ವರ್ಷದಲ್ಲೇ, 1638ರಲ್ಲಿ, ವಿಷಕ್ಕೆ ಬಲಿಯಾದರು.

ಇಂಥ ಸಿಂಹಾಸನಕ್ಕೆ ಕರೆ ಬಂದದ್ದು ರಾಜ ಒಡೆಯರ ತಮ್ಮ ಬೆಟ್ಟದ ಚಾಮರಾಜರ ಮಗ, 23 ವರ್ಷದ ಕಂಠೀರವ ನರಸರಾಜರಿಗೆ. ವಿಷದ ಸಂಗತಿ ತಿಳಿದ ಅವರು ತಡಮಾಡಲಿಲ್ಲ. ನಂಬಿಕೆಯ ಸೇವಕರಿಂದ ವಿಕ್ರಮರಾಯನನ್ನು ರಾತ್ರಿಯ ವೇಳೆ ಕೊಲ್ಲಿಸಿದರು. 1639ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿತು, ಕೋಟೆ ಬೀಳಲಿಲ್ಲ.

ಪಟ್ಟಕ್ಕೆ ಬರುವ ಮುನ್ನ ಅವರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ, ಅಲ್ಲಿನ ಹೆಸರಾಂತ ಜಟ್ಟಿಯನ್ನು ಗೆದ್ದು, ಬಹುಮಾನಕ್ಕೂ ನಿಲ್ಲದೆ ಹೊರಟುಬಂದರೆಂಬ ಕಥೆ ನಮಗೆ ಅಚ್ಚುಮೆಚ್ಚು. ಈ ಕುಸ್ತಿಯನ್ನೂ ವಿಷದ ಪ್ರಸಂಗವನ್ನೂ ಕರ್ನಲ್ ವಿಲ್ಕ್ಸ್ ತಮ್ಮ ಇತಿಹಾಸದಲ್ಲಿ ಬರೆದದ್ದು 1810ರಲ್ಲಿ, ಸುಮಾರು 170 ವರ್ಷಗಳ ಅನಂತರ. ಮುತ್ತಿಗೆಯ ಯುದ್ಧವನ್ನಾದರೋ ಗೋವಿಂದ ವೈದ್ಯ ಕವಿ ಅರಸರು ಬದುಕಿದ್ದಾಗಲೇ, 1648ರ ‘ಕಂಠೀರವ ನರಸರಾಜ ವಿಜಯ’ದಲ್ಲಿ ಹಾಡಿದ. ಕಥೆ ಯಾವುದು, ಚರಿತ್ರೆ ಯಾವುದು ಎಂದು ತೂಗುವಾಗ ಈ ಅಂತರ ನಮ್ಮ ಗಮನದಲ್ಲಿರಬೇಕು.

ಕಂಠೀರವರು 1659ರವರೆಗೆ ಆಳಿದರು. ಅವರ ಹೆಸರಿನ ಕಂಠೀರಾಯ ಹಣ ಅವರ ಕಾಲದ ಬಳಿಕವೂ ಚಲಾವಣೆಯಲ್ಲಿತ್ತು. ಅವರ ಶೌರ್ಯಕ್ಕೆ ಕುಂದಿಲ್ಲ. ಆದರೆ ಸಿಂಹಾಸನವೇರುವ ಹೊತ್ತಿಗೆ ಶತ್ರು ಯಾರೆಂಬುದು ಅವರಿಗೆ ತಿಳಿದುಬಂದಿತು. ಇಮ್ಮಡಿ ರಾಜ ಒಡೆಯರಿಗೆ ಆ ಎಚ್ಚರಿಕೆ ಕೊಡಲು ಅವರಿಗಿಂತ ಮುಂಚೆ ಯಾರೂ ವಿಷ ಉಂಡಿರಲಿಲ್ಲ. ಅವರ ಸಾವೇ ಮುಂದಿನವರ ಪ್ರಾಣ ಉಳಿಸಿತು ಎನ್ನಬೇಕು.

ಮಕ್ಕಳನ್ನು ಕೂರಿಸಿಕೊಂಡು ಆ ಚಿತ್ರ ನೋಡುವಾಗ, ಗೆದ್ದವರ ಕಥೆಯ ಜೊತೆಗೆ ಈ ಹೆಸರನ್ನೂ ಹೇಳಿಕೊಡೋಣ.