ಜೋಗದ ಬಂಗಲೆಯ ಜಗಲಿ

ಹಳೆಯ ಕಟ್ಟಡವೊಂದನ್ನು ನವೀಕರಿಸುತ್ತಾರೆಂಬ ಸುದ್ದಿ ಬಂದೊಡನೆ ನಮ್ಮ ಮನಸ್ಸು ಅದರ ಪರವಾಗಿ ವಕಾಲತ್ತು ವಹಿಸಲು ಹೊರಡುತ್ತದೆ. ಆ ಕಟ್ಟಡ ನಮ್ಮನ್ನು ಎಂದಾದರೂ ಒಳಗೆ ಕರೆದಿತ್ತೇ ಎಂದು ಕೇಳಿಕೊಳ್ಳುವವರು ಕಡಿಮೆ. ಜೋಗದ ಜಲಪಾತದ ಪರಿಸರವನ್ನೆಲ್ಲ ಹೊಸದಾಗಿ ರೂಪಿಸುವ ಕೆಲಸ ನಡೆಯುತ್ತಿರುವ ಈ ಕಾಲದಲ್ಲಿ, ಅಲ್ಲಿನ ಹಳೆಯ ಬಂಗಲೆಗಳನ್ನು ನೆನೆದು ಮರುಗುವವರಲ್ಲಿ ನಾನೂ ಒಬ್ಬ. ಆದರೆ ಮರುಗುವ ಮೊದಲು ಲೆಕ್ಕ ನೋಡಬೇಕೆಂದು ನನಗನ್ನಿಸಿದೆ.

ಜೋಗ ನಮ್ಮ ಕರಾವಳಿಯವರಿಗೆ ಘಟ್ಟದ ಮೇಲಿನ ಊರಲ್ಲ, ನಮ್ಮ ಹೊಳೆಯ ಮೇಲಿನ ಮೆಟ್ಟಿಲು. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಅಲ್ಲಿ 830 ಅಡಿ ಕೆಳಗೆ ಧುಮುಕಿ, ಗೇರುಸೊಪ್ಪೆಯನ್ನು ಬಳಸಿ, ಹೊನ್ನಾವರದಲ್ಲಿ ಕಡಲಿಗೆ ಸೇರುತ್ತದೆ. ಹೊನ್ನಾವರದವರು ಗೇರುಸೊಪ್ಪೆ, ಮಾಲೆಮನೆ ಘಟ್ಟ, ಮಾವಿನಗುಂಡಿಯ ಹಾದಿಯಲ್ಲಿ ಹೋಗುತ್ತಾರೆ. ಕುಮಟೆಯವರು ದೊಡ್ಡಮನೆ ಘಟ್ಟ ಹತ್ತಿ ಸಿದ್ದಾಪುರದ ಮೇಲೆ ಬರುತ್ತಾರೆ. ಭಟ್ಕಳದವರು ಕೋಗಾರು ಘಟ್ಟದಿಂದ ಕಾರ್ಗಲ್ಲಿಗೆ ಇಳಿಯುತ್ತಾರೆ. ಮೂರು ಊರು, ಮೂರು ಘಟ್ಟ. ತಲುಪುವ ಸ್ಥಳ ಒಂದೇ.

ಇಂಗ್ಲಿಷರು ಈ ಜಲಪಾತವನ್ನು ‘ಗೇರುಸೊಪ್ಪೆಯ ಜಲಪಾತ’ವೆಂದೇ ಕರೆದರು. ಅದಕ್ಕೆ ಕಾರಣವುಂಟು. ಹಡಗಿನಲ್ಲಿ ಹೊನ್ನಾವರಕ್ಕೆ ಬಂದಿಳಿದ ಪ್ರವಾಸಿ ದೋಣಿಯಲ್ಲಿ ಹೊಳೆಯ ಮೇಲ್ಮುಖವಾಗಿ ಸಾಗಿ ಗೇರುಸೊಪ್ಪೆಯನ್ನು ಮುಟ್ಟುತ್ತಿದ್ದ. ದೋಣಿಯ ದಾರಿ ಅಲ್ಲಿಗೆ ಮುಗಿಯುತ್ತಿತ್ತು; ಮುಂದಿನದು ಕಾಡು ಮತ್ತು ಏರು. ಆ ಗೇರುಸೊಪ್ಪೆಯಾದರೋ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದ ರಾಜ್ಯದ ಹೆಸರು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದರು. ಅವಳ ರಾಜಧಾನಿ ಕಾಡಾಯಿತು; ಚತುರ್ಮುಖ ಬಸದಿ ಆ ಕಾಡಿನೊಳಗೆ ಉಳಿಯಿತು. ನಮ್ಮ ಜನ ಮಾತ್ರ ಜಲಪಾತಕ್ಕೆ ಜೋಗದ ಗುಂಡಿ ಎನ್ನುವುದನ್ನು ಬಿಡಲಿಲ್ಲ. ಕೊನೆಗೆ ಗೆದ್ದದ್ದು ಆ ಹೆಸರೇ. ಇಂಗ್ಲಿಷರ ಹೆಸರಿನ ಗುರುತಾಗಿ ಅಲ್ಲಿ ಉಳಿದಿರುವುದು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲಿನ ಫಲಕ: ‘ಮಯೂರ ಗೇರುಸೊಪ್ಪ’. ರಾಜಧಾನಿಯ ಹೆಸರು ಜಲಪಾತಕ್ಕೆ ಹೋಗಿ, ಜಲಪಾತದಿಂದ ಹೋಟೆಲಿಗೆ ಇಳಿದದ್ದು ಚರಿತ್ರೆಯ ಒಂದು ವಿನೋದ.

ಅಲ್ಲಿ ಬಂಗಲೆಗಳು ಎರಡಾದದ್ದು ಏಕೆಂಬುದನ್ನೂ ಹೇಳಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕನ್ನಡ ಜಿಲ್ಲೆ ಕಂಪನಿಯ ಮದ್ರಾಸು ಆಡಳಿತಕ್ಕೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಆಧಿಪತ್ಯಕ್ಕೆ ವರ್ಗಾಯಿಸಿದರು; ಧಾರವಾಡ ಸೀಮೆಯ ಹತ್ತಿಯನ್ನು ಕಡಲಿಗೆ ತರುವ ಬಂದರುಗಳ ಚಿಂತೆಯೂ ಅದರ ಹಿಂದಿತ್ತು. ಹೀಗಾಗಿ ಜೋಗದಲ್ಲಿ ಹೊಳೆಯ ಒಂದು ದಂಡೆ ಮೈಸೂರು ಸಂಸ್ಥಾನ, ಇನ್ನೊಂದು ದಂಡೆ ಮುಂಬಯಿ. ಧುಮುಕುವ ನೀರು ಒಂದೇ. ಅದನ್ನು ನೋಡುವ ಸರ್ಕಾರಗಳು ಎರಡು. ಎರಡು ಸರ್ಕಾರಗಳಿಗೂ ತಮ್ಮ ತಮ್ಮ ಬಂಗಲೆ ಬೇಕಾಯಿತು. ಮೈಸೂರು ಬಂಗಲೆಯ ಕಡೆ ನಿಂತವರಿಗೆ ರಾಜ, ರೋರರ್, ರಾಕೆಟ್, ರಾಣಿ ನಾಲ್ವರೂ ಎದುರಿಗೆ ಕಾಣುತ್ತಾರೆ. ಮುಂಬಯಿ ಬಂಗಲೆಯ ಕಡೆಯಿಂದ ಹೋದವರು ರಾಜನ ನೆತ್ತಿಯ ಬಳಿಯೇ ನಿಂತು, ನೀರು ಬಂಡೆಯನ್ನು ಬಿಟ್ಟು ಶೂನ್ಯಕ್ಕೆ ಕಾಲಿಡುವುದನ್ನು ನೋಡುತ್ತಾರೆ. ಒಂದು ಕಡೆ ದರ್ಶನ, ಇನ್ನೊಂದು ಕಡೆ ದಿಗಿಲು. ಲಾರ್ಡ್ ಕರ್ಜನ್ 1900ರಲ್ಲಿ ವೈಸರಾಯನಾಗಿದ್ದಾಗ ಈ ಜಲಪಾತಕ್ಕೆ ಬಂದದ್ದುಂಟು. ವೈಸರಾಯರು, ರೆಸಿಡೆಂಟರು, ಕಲೆಕ್ಟರರು ಬಂದು ತಂಗಿ ಹೋದ ಕಾಲದಲ್ಲಿ ನಮ್ಮ ಅಜ್ಜಂದಿರು ಎಲ್ಲಿ ತಂಗುತ್ತಿದ್ದರು? ಗಾಡಿಯ ಕೆಳಗೆ, ಮರದ ಬುಡದಲ್ಲಿ, ಪರಿಚಿತರ ಮನೆಯ ಅಂಗಳದಲ್ಲಿ. 1956ರ ನವೆಂಬರ್ 1ರಂದು ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಸೇರಿದವು. ಸೀಮೆಯ ಗೆರೆ ಅಳಿಸಿತು. ಕೋಣೆಯ ಬಾಗಿಲಿನ ಗೆರೆ ಅಷ್ಟು ಬೇಗ ಅಳಿಸಲಿಲ್ಲ.

ಇದನ್ನು ನಾನು ಹತ್ತನೆಯ ವಯಸ್ಸಿನಲ್ಲಿ ಕಲಿತೆ. ದಸರೆಯ ರಜೆ, ಮಳೆಗಾಲ ಇನ್ನೂ ಪೂರ್ತಿ ಹಿಂದೆಗೆದಿರಲಿಲ್ಲ. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ನಮ್ಮ ತಂದೆಯವರು ಒಂದು ರಾತ್ರಿಯ ವಸತಿಗೆ ಅನುಮತಿಪತ್ರವನ್ನು ಬಹಳ ಓಡಾಡಿ ಸಂಪಾದಿಸಿದ್ದರು. ಅದನ್ನು ಪಂಚಾಂಗದೊಳಗೆ ಮಡಚಿಟ್ಟುಕೊಂಡು, ತಾಯಿಯವರನ್ನೂ ನಮ್ಮಿಬ್ಬರು ಮಕ್ಕಳನ್ನೂ ಬಸ್ಸಿನಲ್ಲಿ ಕರೆದೊಯ್ದರು. ಯಾವ ದಂಡೆಯ ಯಾವ ವಸತಿಗೃಹವೆಂಬುದನ್ನು ಹೇಳುವುದು ಬೇಡ. ನಾವು ತಲುಪುವಷ್ಟರಲ್ಲಿ ಯಾರೋ ದೊಡ್ಡ ಅಧಿಕಾರಿಗಳ ಜೀಪು ಅಂಗಳದಲ್ಲಿ ನಿಂತಿತ್ತು. ನಮ್ಮ ಕೋಣೆ ಅವರದಾಗಿತ್ತು. ತಂದೆಯವರು ಪತ್ರವನ್ನು ಬಿಡಿಸಿ ಹಿಡಿದರು. ಮುದುಕ ಖಾನಸಾಮ ಅದನ್ನು ಓದುವ ಗೋಜಿಗೇ ಹೋಗಲಿಲ್ಲ. ಸ್ವಲ್ಪ ಹೊತ್ತು ನಮ್ಮನ್ನು ನೋಡಿ, “ಮಾಸ್ತರ್ರೇ, ಕೋಣೆ ಬೀಗ ನನ್ನ ಕೈಲಿಲ್ಲ. ಜಗಲಿಗೆ ಬೀಗ ಇಲ್ಲ. ಹಾಸಿಕೊಳ್ಳಿ” ಎಂದ.

ಹಾಸಿಕೊಂಡೆವು. ತಾಯಿಯವರು ಕಟ್ಟಿ ತಂದಿದ್ದ ಅವಲಕ್ಕಿ ತಿಂದೆವು. ಸಂಜೆ ಮಂಜು ಕವಿದು ಜಲಪಾತ ಪೂರ್ತಿ ಮರೆಯಾಗಿತ್ತು. ನೋಡಲು ಬಂದದ್ದನ್ನು ನೋಡದೆಯೇ ಮಲಗಬೇಕಾಯಿತು. ಕೋಣೆಯೊಳಗಿನವರು ಕಿಟಕಿ ಮುಚ್ಚಿ ನಿದ್ರಿಸಿದರು. ನಮಗೆ ಮುಚ್ಚಲು ಕಿಟಕಿಯೇ ಇರಲಿಲ್ಲ. ರಾತ್ರಿಯೆಲ್ಲ ನೀರಿನ ಸದ್ದು ನೆಲದ ಮೂಲಕ ಬೆನ್ನಿಗೆ ಬರುತ್ತಿತ್ತು. ಬೆಳಗಿನ ಜಾವ ತಂದೆಯವರು ಎಬ್ಬಿಸಿದರು. ಮಂಜು ಒಂದು ಕಡೆಯಿಂದ ಸರಿಯುತ್ತಿತ್ತು. ಮೊದಲು ರಾಣಿ, ಆಮೇಲೆ ಒಂದೊಂದಾಗಿ ಉಳಿದವು, ಯಾರೋ ಪರದೆ ಎಳೆದಂತೆ. ತಂದೆಯವರ ಮುಖದಲ್ಲಿದ್ದ ಹಿಂದಿನ ದಿನದ ಅವಮಾನ ಆ ಗಳಿಗೆಯಲ್ಲಿ ಇಳಿಯಿತು. ಅವರು ಆ ಅನುಮತಿಪತ್ರವನ್ನು ಹರಿಯಲಿಲ್ಲ. ಅವರು ತೀರಿಕೊಂಡ ಮೇಲೆ ಹಳೆಯ ಪಂಚಾಂಗದಲ್ಲಿ ನನಗೆ ಸಿಕ್ಕಿತು.

ಆದ್ದರಿಂದ ನನ್ನ ಹಂಬಲ ಬಂಗಲೆಯ ಗೋಡೆಗಳಿಗೆ ಸಲ್ಲತಕ್ಕದ್ದಲ್ಲ. ಹಾಗೆಂದರೆ ಜಲಪಾತವಾದರೂ ಹಳೆಯದೇ? ಅಲ್ಲ. ಅದನ್ನು ನಾವು ಬಹಳ ಹಿಂದೆಯೇ ನವೀಕರಿಸಿದ್ದೇವೆ. ಇಷ್ಟು ನೀರು ವ್ಯರ್ಥವಾಗುತ್ತಿದೆಯಲ್ಲ ಎಂದು ವಿಶ್ವೇಶ್ವರಯ್ಯನವರು ಮರುಗಿದರೆಂಬ ಕತೆ ನಾಡಿನಲ್ಲೆಲ್ಲ ಪ್ರಚಲಿತ. 1940ರ ದಶಕದ ಕೊನೆಗೆ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರ ಬಂದಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅಂದಿನಿಂದ ಶರಾವತಿಯ ಬಹುಪಾಲು ನೀರು ತಳಕಳಲೆಯ ದಾರಿ ಹಿಡಿದು, ಜೋಗವನ್ನು ನೋಡದೆಯೇ ಘಟ್ಟ ಇಳಿಯುತ್ತದೆ. 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಾಡಿಗೆ ಬೆಳಕು ಕೊಟ್ಟಿತು. ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ಹೊರಟವು. ಆ ಯೋಜನೆಯ ಕಚೇರಿಯಲ್ಲೇ ಗುಮಾಸ್ತರಾಗಿದ್ದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಅವರ ಸಂಕಟಕ್ಕೆ ಮಾತು ಕೊಟ್ಟರು. ಪ್ರವಾಸಿಗೆ ಒಂದು ರಾತ್ರಿಯ ವಸತಿ ತಪ್ಪಿದರೆ ಅದು ನೆನಪಾಗುತ್ತದೆ. ಒಕ್ಕಲಿಗನಿಗೆ ವಸತಿಯೇ ತಪ್ಪಿದರೆ ಅದು ಚರಿತ್ರೆಯಾಗುತ್ತದೆ. ಜೋಗದ ಸೊಬಗನ್ನು ಹಾಡುವಾಗ ಈ ಅಂತರ ನಮಗೆ ಮರೆಯಬಾರದು.

ಈಗಿನದು ಮೂರನೆಯ ನವೀಕರಣ. 2021ರಲ್ಲಿ ಶಂಕುಸ್ಥಾಪನೆಯಾದ ಈ ಅಭಿವೃದ್ಧಿ ಕಾರ್ಯದ ಮೊತ್ತ ನೂರೈವತ್ತು ಕೋಟಿಗೂ ಮಿಕ್ಕದ್ದು. ಅದರ ಜತೆಗೆ ಖಾಸಗಿ ಸಹಭಾಗಿತ್ವದಲ್ಲಿ ಪಂಚತಾರಾ ಹೋಟೆಲು, ರೋಪ್‌ವೇಗಳ ಯೋಜನೆಯೂ ಹೊರಟಿತು. ಪ್ರವೇಶದ್ವಾರದ ಕಾಮಗಾರಿಗೆಂದು 2025ರ ಜನವರಿ 1ರಿಂದ ಕೆಲವು ತಿಂಗಳು ಪ್ರವಾಸಿಗಳಿಗೆ ಬಾಗಿಲು ಮುಚ್ಚಿತ್ತು. ಅದೇ ಜನವರಿಯ 5ರಂದು ಡಿಸೋಜರು ತೀರಿಕೊಂಡರು.

ಹೊಸದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಮ್ಮ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರವನ್ನೇ ನೋಡಿ. ಮೂರು ಕಡೆ ಕಡಲಿದ್ದ ಕಂದುಕಗಿರಿಯ ಬರಿಯ ಗುಡ್ಡವನ್ನು ಕಂಡವರಿಗೆ ಇಂದಿನ 123 ಅಡಿಯ ಶಿವನ ಮೂರ್ತಿ, ಇಪ್ಪತ್ತು ಅಂತಸ್ತಿನ ರಾಜಗೋಪುರ, ಸುತ್ತಣ ಉದ್ಯಾನ, ವಸತಿಗೃಹಗಳು ಬೇರೊಂದು ಊರಿನಂತೆ ತೋರುತ್ತವೆ. ಹಳೆಯ ಏಕಾಂತ ಹೋಯಿತೆಂದು ನಾನೂ ನಿಟ್ಟುಸಿರಿಟ್ಟವನೇ. ಆದರೆ ಬಯಲುಸೀಮೆಯಿಂದ ಬಂದ ಮುದುಕಿಯೊಬ್ಬಳು ಮೊಮ್ಮಕ್ಕಳೊಡನೆ ಅಲ್ಲಿ ಒಂದು ಕೋಣೆ ಪಡೆದು, ಜೀವಮಾನದಲ್ಲಿ ಮೊದಲ ಬಾರಿಗೆ ಕಡಲಿನ ಸದ್ದು ಕೇಳುತ್ತ ಮಲಗಿದ್ದನ್ನು ಕಂಡ ಮೇಲೆ ನನ್ನ ನಿಟ್ಟುಸಿರಿನ ಬೆಲೆ ನನಗೇ ಕಡಿಮೆಯಾಗಿ ಕಂಡಿತು. ನನ್ನ ಏಕಾಂತಕ್ಕಿಂತ ಅವಳ ಕೋಣೆ ದೊಡ್ಡದು.

ಜೋಗದ ವಿಷಯದಲ್ಲಿ ನನ್ನ ಅಳುಕು ಇರುವುದು ಇಲ್ಲಿಯೇ. ಮಂಜಿರುವ ಜಲಪಾತವನ್ನು ಬಂದ ಕೂಡಲೇ ನೋಡಲಾಗದು, ಕಾಯಬೇಕು. ಕಾಯಬೇಕಾದರೆ ತಂಗಬೇಕು. ತಂಗುವ ಅನುಕೂಲ ಹಣವಂತರಿಗೆ ಮಾತ್ರ ಉಳಿದು, ಉಳಿದವರು ಟಿಕೆಟ್ಟು ಕೊಂಡು, ಮಂಜನ್ನು ನೋಡಿ, ಸಂಜೆಯ ಬಸ್ಸು ಹಿಡಿಯಬೇಕಾದರೆ, ಅದು ವೈಸರಾಯರ ಕಾಲದ ವ್ಯವಸ್ಥೆಯೇ ಬೇರೆ ಹೆಸರಿನಿಂದ ಮರಳಿ ಬಂದಂತೆ. ಹಳೆಯ ಗೋಡೆಯನ್ನು ಉಳಿಸಿ, ಬಾಗಿಲನ್ನು ಹಳೆಯ ಹಾಗೆಯೇ ಮುಚ್ಚಿದರೆ ಏನು ಸಂರಕ್ಷಿಸಿದಂತಾಯಿತು?

ಕಟ್ಟುವವರು ಕಟ್ಟಲಿ. ರೋಪ್‌ವೇಯಲ್ಲಿ ಹೋಗಬಲ್ಲವರು ಹೋಗಲಿ. ನಕ್ಷೆಯಲ್ಲಿ ಎಲ್ಲಾದರೊಂದು ಕಡೆ, ಶಾಲೆಯ ಮಾಸ್ತರನೊಬ್ಬ ಹೆಂಡತಿ ಮಕ್ಕಳೊಡನೆ ಬಂದು ಜಮಖಾನೆ ಹಾಸಿ, ಬೆಳಗಾಗುವವರೆಗೆ ಕಾಯಬಹುದಾದ ಒಂದು ಉದ್ದನೆಯ ಜಗಲಿಯನ್ನೂ ಬರೆಯಲಿ. ಅದಕ್ಕೆ ಬೀಗ ಬೇಡ.