ಬ್ಲ್ಯಾಕ್ ಫ್ರೈಡೇ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ಶುಕ್ರವಾರ. ಕ್ರಿಸ್‌ಮಸ್ ಖರೀದಿಯ ಭರಾಟೆ ಶುರುವಾಗುವ ದಿನ. 1869ರ ಚಿನ್ನದ ಮಾರುಕಟ್ಟೆಯ ಕುಸಿತಕ್ಕೂ ಇದೇ ಹೆಸರಿದೆ, ಆದರೆ ಎರಡಕ್ಕೂ ಸಂಬಂಧವಿಲ್ಲ.

ಹೆಸರನ್ನು ರೂಢಿಗೆ ತಂದವರು ವ್ಯಾಪಾರಿಗಳಲ್ಲ, ಫಿಲಡೆಲ್ಫಿಯಾದ ಪೊಲೀಸರು. ಶನಿವಾರದ ಆರ್ಮಿ–ನೇವಿ ಫುಟ್‌ಬಾಲ್ ಪಂದ್ಯಕ್ಕೆ ಬಂದವರೂ ಖರೀದಿಗೆ ಬಂದವರೂ ಸೇರಿ ಊರು ಕಿಕ್ಕಿರಿಯುತ್ತಿತ್ತು; ರಜೆ ಸಿಗದೆ ಬೀದಿಯಲ್ಲಿ ನಿಂತ ಪೊಲೀಸರು ಬೇಸತ್ತು ಬಳಸಿದ ಮಾತಿದು. 1961ರಲ್ಲಿ ಅಂಗಡಿಯವರು ಅದನ್ನು ‘ಬಿಗ್ ಫ್ರೈಡೇ’ ಎಂದು ಬದಲಿಸಲು ಹೆಣಗಿದರೂ ಜನ ಕಿವಿಗೊಡಲಿಲ್ಲ. ಲೆಕ್ಕದ ಪುಸ್ತಕ ಕೆಂಪು ಶಾಯಿಯಿಂದ ಕಪ್ಪಿಗೆ, ಎಂದರೆ ನಷ್ಟದಿಂದ ಲಾಭಕ್ಕೆ, ತಿರುಗುವ ದಿನವೆಂಬ ವಿವರಣೆ ಪ್ರಚಾರಕ್ಕೆ ಬಂದದ್ದು 1980ರ ದಶಕದಲ್ಲಿ. ಬೈಗುಳವನ್ನೇ ಬಿರುದಾಗಿಸಿಕೊಂಡ ಜಾಣತನವೆನ್ನಬೇಕು.

ವ್ಯಾಪಾರಕ್ಕಾಗಿ ಹಬ್ಬದ ದಿನವನ್ನೇ ಸರಿಸಿದ್ದೂ ಉಂಟು. 1939ರಲ್ಲಿ ನವೆಂಬರ್‌ನ ಕೊನೆಯ ಗುರುವಾರ 30ನೇ ತಾರೀಖಿಗೆ ಬಿದ್ದಾಗ, ಕ್ರಿಸ್‌ಮಸ್‌ಗೆ ಮುಂಚಿನ ಖರೀದಿಯ ದಿನಗಳು ಕಡಿಮೆಯಾದವೆಂದು ವರ್ತಕರು ಅಲವತ್ತುಕೊಂಡರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಮುಂಚೆ, 23ಕ್ಕೆ ತಂದರು. ರಾಜ್ಯಗಳು ಎರಡು ಪಕ್ಷವಾದವು. ಟೆಕ್ಸಾಸ್ ಎರಡೂ ದಿನ ಆಚರಿಸಿತು. ಕೊನೆಗೆ 1941ರ ಕಾಯ್ದೆ ನಾಲ್ಕನೆಯ ಗುರುವಾರವನ್ನು ಗೊತ್ತುಮಾಡಿತು.

2008ರ ಬ್ಲ್ಯಾಕ್ ಫ್ರೈಡೇಯಂದು ಲಾಂಗ್ ಐಲೆಂಡಿನ ವ್ಯಾಲಿ ಸ್ಟ್ರೀಮ್‌ನಲ್ಲಿ, ನಸುಕಿನಲ್ಲೇ ಮಳಿಗೆಯ ಬಾಗಿಲು ಮುರಿದು ನುಗ್ಗಿದ ಜನರ ಕಾಲ್ತುಳಿತಕ್ಕೆ ನೌಕರನೊಬ್ಬ ಬಲಿಯಾದ. 1992ರಲ್ಲಿ ಕೆನಡಾದಲ್ಲಿ ಹುಟ್ಟಿದ ‘ಬೈ ನಥಿಂಗ್ ಡೇ’, ಏನನ್ನೂ ಕೊಳ್ಳದಿರುವ ದಿನ, ಈಗ ಇದೇ ಶುಕ್ರವಾರ ನಡೆಯುತ್ತದೆ. 2005ರಲ್ಲಿ ನಾಮಕರಣಗೊಂಡ ಸೈಬರ್ ಮಂಡೇ ಆನ್‌ಲೈನ್ ಖರೀದಿಯದು. ಥ್ಯಾಂಕ್ಸ್‌ಗಿವಿಂಗ್ ಆಚರಿಸದ ಬೆಂಗಳೂರಿನ ಮಾಲ್‌ಗಳಲ್ಲೂ ನವೆಂಬರ್ ಕೊನೆಗೆ ಬ್ಲ್ಯಾಕ್ ಫ್ರೈಡೇ ರಿಯಾಯಿತಿಯ ಫಲಕಗಳು ಕಾಣುತ್ತವೆ.