ಅಳಲು ಮನೆ ಸಾಕು, ನಗಲು ಊರು ಬೇಕು

ಕೆಲವು ತಿಂಗಳ ಹಿಂದೆ ರಕ್ತದೊತ್ತಡದ ತಪಾಸಣೆಗೆಂದು ಹುಬ್ಬಳ್ಳಿಗೆ ಹೋಗಿದ್ದೆ. ತರುಣ ವೈದ್ಯರು ಚೀಟಿಯಲ್ಲಿ ಎರಡು ಗುಳಿಗೆಗಳ ಹೆಸರು ಬರೆದು, "ಸರ್, ಇದರ ಜೋಡಿ ದಿನಾ ಹತ್ತು ನಿಮಿಷ ಮನಸಾರೆ ನಗರಿ" ಎಂದರು. ಮನೆಗೆ ಬಂದು ಶ್ರೀಮತಿಯವರ ಮುಂದೆ ಈ ಮಾತನ್ನು ಹೇಳಿದೆ. ಆಕೆ ಒಲೆಯ ಮುಂದಿನಿಂದ ಕತ್ತು ಹೊರಳಿಸದೆಯೇ, "ಮೂವತ್ತು ವರ್ಷ ಸಾಲಿ ಹುಡುಗರಿಗೆ 'ನಗಬ್ಯಾಡ್ರಿ, ನಗಬ್ಯಾಡ್ರಿ' ಅಂತ ಹೇಳೇ ಪಗಾರ ತಗೊಂಡೀರಿ. ಈಗ ಒಮ್ಮಿಂದೊಮ್ಮೆಲೆ ನಗು ಅಂದ್ರ ಎಲ್ಲಿಂದ ತರ್ತೀರಿ?" ಎಂದರು. ಅಂದಿನ ಹತ್ತು ನಿಮಿಷದ ಔಷಧಿ ಅಲ್ಲಿಯೇ ಮುಗಿಯಿತು.

ಆದರೆ ಆಕೆಯ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ನಮ್ಮ ಹಿರಿಯರು ನಗೆಯನ್ನು ಎಲ್ಲಿಂದ ತರುತ್ತಿದ್ದರು? ಕುಂದಗೋಳ ಸೀಮೆಯೆಂದರೆ ಜನರಿಗೆ ಸವಾಯಿ ಗಂಧರ್ವರ ನೆನಪಾಗುತ್ತದೆ. ಸಂಗೀತದ ಇತಿಹಾಸವನ್ನು ಬರೆದವರು ಬಹಳ ಮಂದಿ. ಇದೇ ಕರಿಮಣ್ಣಿನಲ್ಲಿ ಹತ್ತಿ ಮೆಣಸಿನಕಾಯಿಗಳ ಜೊತೆಗೆ ನಗೆಯೂ ಬೆಳೆಯುತ್ತ ಬಂದಿದೆ. ಆ ಬೆಳೆಯ ಲೆಕ್ಕವನ್ನು ಯಾವ ಕುಲಕರ್ಣಿಯೂ ದಫ್ತರದಲ್ಲಿ ಬರೆದಿಡಲಿಲ್ಲ. ಆ ಲೆಕ್ಕವನ್ನು ಇಲ್ಲಿ ಸ್ವಲ್ಪಮಟ್ಟಿಗೆ ಬರೆಯುವ ಪ್ರಯತ್ನ ನನ್ನದು.

ಶಾಸ್ತ್ರದಿಂದಲೇ ಆರಂಭಿಸೋಣ. ಭರತಮುನಿಯ ನಾಟ್ಯಶಾಸ್ತ್ರವು ಹಾಸ್ಯವನ್ನು ರಸಗಳಲ್ಲಿ ಒಂದೆಂದು ಎಣಿಸಿ, ನಗೆಯಲ್ಲಿ ಆರು ಬಗೆಗಳನ್ನು ಹೇಳುತ್ತದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದಂತೆ ಮುಗುಳ್ನಗುವವರು ಉತ್ತಮರು. ಕಣ್ಣಲ್ಲಿ ನೀರು ಬರುವಂತೆ, ಪಕ್ಕೆ ಹಿಡಿದುಕೊಂಡು ನಗುವವರು ಅಧಮರು. ಈ ಲೆಕ್ಕದಲ್ಲಿ ನಮ್ಮೂರ ದೊಡ್ಡಾಟದ ಪ್ರೇಕ್ಷಕರಲ್ಲಿ ಒಬ್ಬ ಉತ್ತಮನೂ ಸಿಗುತ್ತಿರಲಿಲ್ಲ. ಆದರೆ ಅದೇ ಶಾಸ್ತ್ರವು ಇನ್ನೊಂದು ಮಹತ್ವದ ಭೇದವನ್ನೂ ಮಾಡಿದೆ. ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ. ಇದನ್ನು ಓದುಗರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ನನಗೆ ಬೇಕಾಗುತ್ತದೆ.

ನಮ್ಮ ಭಾಗದ ಹಳೆಯ ಕವಿಗಳು ನಗೆಯನ್ನು ಕೀಳೆಂದು ಬಗೆದವರಲ್ಲ. ಗದುಗಿನ ಹತ್ತಿರದ ಮುಳಗುಂದದ ನಯಸೇನ 1112ರಲ್ಲಿ 'ಧರ್ಮಾಮೃತ'ವನ್ನು ರಚಿಸಿದ. ಜೈನಧರ್ಮವನ್ನು ಬೋಧಿಸುವ ಗ್ರಂಥವಾದರೂ ಅದರ ತುಂಬ ಜನರ ಆಡುಮಾತಿನ ಗಾದೆಗಳು, ವಿನೋದದ ಹೋಲಿಕೆಗಳು. ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟು ಸಲ್ಲದ ಸಂಸ್ಕೃತವನ್ನು ತುರುಕುವ ಪಂಡಿತರನ್ನು ಅವನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿ ಹಾಸ್ಯ ಮಾಡಿದ್ದಾನೆ. ಒಂಬೈನೂರು ವರ್ಷಗಳ ಹಿಂದಿನ ಆ ಚುಚ್ಚು ಇಂದು ನನ್ನ ಈ ಲೇಖನಕ್ಕೂ ತಾಗೀತೇನೋ!

ಹದಿನೈದನೆಯ ಶತಮಾನದ ಕುಮಾರವ್ಯಾಸ ಹುಬ್ಬಳ್ಳಿ ತಾಲೂಕಿನ ಕೋಳಿವಾಡದವನು. ಅವನ ಭಾರತದಲ್ಲಿ ಉತ್ತರಕುಮಾರನ ಪ್ರಸಂಗವನ್ನು ಕೇಳದ ಹಳ್ಳಿಯಿಲ್ಲ. ಅಂತಃಪುರದ ಹೆಂಗಸರ ಮುಂದೆ ಕೌರವರನ್ನು ಚೂರುಚೂರು ಮಾಡುವ ಈ ವೀರ, ನಿಜವಾದ ಸೈನ್ಯ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡುತ್ತಾನೆ. ಗುಡಿಯ ಕಟ್ಟೆಯ ಮೇಲೆ ಭಾರತ ಓದಿಸುವಾಗ ಈ ಭಾಗ ಬಂದರೆ ತೂಕಡಿಸುತ್ತಿದ್ದ ಮುದುಕರೂ ಎದ್ದು ಕೂಡ್ರುತ್ತಿದ್ದರು. ಪ್ರತಿಯೊಬ್ಬರಿಗೂ ತಮ್ಮ ಓಣಿಯ ಒಬ್ಬ ಉತ್ತರಕುಮಾರ ನೆನಪಾಗುತ್ತಿದ್ದ.

ಇನ್ನು ಶಿಶುನಾಳದ ಶರೀಫರು (1819–1889). ಅವರ ಗುರು ಗೋವಿಂದಭಟ್ಟರು ನಮ್ಮ ತಾಲೂಕಿನ ಕಳಸದವರು. ಶರೀಫರೂ ಕೆಲಕಾಲ ಶಾಲಾ ಮಾಸ್ತರರಾಗಿದ್ದರೆಂಬುದು ನನ್ನಂಥವರಿಗೆ ಹೆಮ್ಮೆಯ ಸಂಗತಿ. "ನಿಮ್ಮಪ್ಪ ಯಾರೋ?" ಎಂದು ಗುರುಗಳು ಕೇಳಿದಾಗ, "ನಿಮ್ಮಪ್ಪನ ನಮ್ಮಪ್ಪ" ಎಂದು ಬಾಲಕ ಶರೀಫ ಉತ್ತರಿಸಿದನೆಂದೂ, ಸುತ್ತಲಿನವರು ಗಾಬರಿಯಾದರೆ ಗುರುಗಳು ಮಾತ್ರ ಸಂತೋಷಪಟ್ಟರೆಂದೂ ಜನ ಇಂದಿಗೂ ಹೇಳುತ್ತಾರೆ. ಕೇಳಿದರೆ ಮೊದಲು ನಗು; ಆಮೇಲೆ ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ ಇಬ್ಬರಿಗೂ ಒಬ್ಬನೇ ತಂದೆ ಎಂಬ ಅರ್ಥ ನಿಧಾನವಾಗಿ ಇಳಿಯುತ್ತದೆ. ಉಪದೇಶವಾಗಿ ಹೇಳಿದ್ದರೆ ಜಗಳವಾಗುತ್ತಿದ್ದ ಮಾತು ನಗೆಯಾಗಿ ಬಂದುದರಿಂದ ಊರಿಗೆ ಊರೇ ಅದನ್ನು ನುಂಗಿಕೊಂಡಿತು.

ಪುಸ್ತಕ ಓದಲು ಬಾರದವರಿಗೆ ನಗೆ ಕಾಲ್ನಡಿಗೆಯಲ್ಲಿ ಬರುತ್ತಿತ್ತು. ಹಗಲುವೇಷದವರು ಮನೆಯಿಂದ ಮನೆಗೆ ಬರುತ್ತಿದ್ದರು. ಕಿಳ್ಳೇಕ್ಯಾತರು ತೊಗಲುಗೊಂಬೆಗಳನ್ನು ತಂದು, ದೇವರ ಸ್ತುತಿ ಮುಗಿಯುತ್ತಲೇ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಗಂಡಹೆಂಡಿರನ್ನು ಪರದೆಯ ಮೇಲೆ ಜಗಳಕ್ಕೆ ಬಿಡುತ್ತಿದ್ದರು. ಅವರ ಆಟವಾಡಿಸಿದರೆ ಮಳೆ ಬರುತ್ತದೆಂಬ ನಂಬಿಕೆಯೂ ಇತ್ತು. ಶ್ರೀಕೃಷ್ಣಪಾರಿಜಾತದಲ್ಲಿ ಭಾಗವತನಿಗೂ ದೂತಿಗೂ ನಡೆಯುವ ಮಾತಿನ ಚಕಮಕಿಯನ್ನು ಕೇಳಲೆಂದೇ ಬಂಡಿ ಕಟ್ಟಿಕೊಂಡು ಹೋಗುವವರಿದ್ದರು. ಹೋಳಿ ಹುಣ್ಣಿಮೆಯಲ್ಲಂತೂ ಕಾಮಣ್ಣ ಸತ್ತನೆಂದು ಹಲಗೆ ಬಡಿದು ಸುಳ್ಳಳು ಅಳುವುದೇ ಒಂದು ನಗೆಯ ಹಬ್ಬ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಇಂದಿಗೂ ಜನ ಹರಕೆ ಹೊರುತ್ತಾರೆ.

ಆದರೆ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡವನು ದೊಡ್ಡಾಟದ ಸಾರಥಿ. ಕಿರೀಟ, ಭುಜಕೀರ್ತಿ ಧರಿಸಿದ ರಾಜ ಅಟ್ಟದ ಮೇಲೆ ಅಬ್ಬರಿಸಿ ಬಂದಾಗ, "ತಾವು ಯಾರು, ಯಾವ ಊರು?" ಎಂದು ಕೇಳುವ ಅಧಿಕಾರ ಅವನಿಗೆ ಮಾತ್ರ. ರಾಜ ಗ್ರಂಥಭಾಷೆಯಲ್ಲಿ ಗುಡುಗುತ್ತಾನೆ. ಸಾರಥಿ ನಮ್ಮ ಮಾತಿನಲ್ಲಿ ಉತ್ತರ ಕೊಡುತ್ತಾನೆ. ರಾಜನ ಮಾತೆಲ್ಲ ಬಾಯಿಪಾಠ. ಸಾರಥಿಯದು ಆ ರಾತ್ರಿಯೇ ಹುಟ್ಟಿದ್ದು. ಹಗಲಿನಲ್ಲಿ ಯಾರೂ ಹೇಳಲಾರದ ಮಾತನ್ನು ಗೌಡರ, ಶ್ಯಾನಭೋಗರ, ಫೌಜದಾರರ ಮುಂದೆಯೇ ಹೇಳಲು ಅವನಿಗೆ ಆ ಒಂದು ರಾತ್ರಿ ಪರವಾನಗಿ.

1972ರ ಭೀಕರ ಬರಗಾಲವನ್ನು ಕಂಡವರು ಈಗ ಕಡಿಮೆಯಾಗುತ್ತಿದ್ದಾರೆ. ನಾನಾಗ ಇನ್ನೂ ಸಣ್ಣ ಹುಡುಗ. ಹೊಲದಲ್ಲಿ ಬಿತ್ತಿದ್ದು ಹುಟ್ಟಿರಲಿಲ್ಲ. ದನಗಳನ್ನು ಬಂದ ಬೆಲೆಗೆ ಮಾರುತ್ತಿದ್ದರು. ಹೆಂಗಸರು ಕಾಮಗಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದರು. ಇಂಥ ವರ್ಷ ಆಟ ಆಡಿಸುವುದೇ ಬೇಡ, ಊರು ಅಳುತ್ತಿರುವಾಗ ಕುಣಿಯುವುದೆಂಥದು ಎಂದು ಚಾವಡಿಯಲ್ಲಿ ವಾದ ನಡೆಯಿತು. ಆಗ ನಮ್ಮ ಅಜ್ಜ, "ಅಳಾಕ ಮನಿ ಸಾಕ್ರಪಾ, ನಗಾಕ ಊರ ಬೇಕು. ಮನ್ಯಾಗ ಕುಂತ ಎಲ್ಲಾರೂ ಅಳಾಕತ್ತೇವಲ್ಲ, ಒಂದ ರಾತ್ರಿ ಊರಾಗ ಕೂಡೂನು" ಎಂದರು. ಆಟ ನಡೆಯಿತು. ಹೊಸ ಬಟ್ಟೆಯಿಲ್ಲ, ದೀಪಕ್ಕೆ ಎರಡೇ ಗ್ಯಾಸಬತ್ತಿ.

ರಾಜ ಕೇಳಿದ: "ಎಲೈ ಸಾರಥಿ, ನಮ್ಮ ರಾಜ್ಯದ ಪ್ರಜೆಗಳು ಸುಖದಿಂದಿರುವರೇ?" ಸಾರಥಿ ಕೈಮುಗಿದು ಹೇಳಿದ: "ಭಾಳ ಸುಖಾ ಐತ್ರಿ ಮಾರಾಜರ. ಗಂಗಾಳದಾಗಿನ ಗಂಜಿ ಎಷ್ಟ ತಿಳಿ ಆಗೇತಂದ್ರ, ಅದರಾಗ ಮಾರಿ ನೋಡಿಕೊಂಡ ತಲಿ ಬಾಚ್ಕೋತೀವ್ರಿ. ಕನ್ನಡಿ ಖರ್ಚ ಉಳದೈತಿ!"

ಊರು ನಕ್ಕಿತು. ಹಸಿದ ಹೊಟ್ಟೆಯನ್ನು ಹಿಡಿದುಕೊಂಡು ನಕ್ಕಿತು. ಪಕ್ಕದಲ್ಲಿದ್ದ ನನ್ನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ನಗೆಯ ನೀರೋ ಅಳುವಿನದೋ ನನಗೆ ತಿಳಿಯಲಿಲ್ಲ. ಮರುದಿನ ಮಳೆಯೇನೂ ಬರಲಿಲ್ಲ. ಆದರೆ ಪ್ರತಿಯೊಂದು ಮನೆಯೂ ತನ್ನ ಗಂಜಿ ಮಾತ್ರ ತಿಳಿಯೆಂದು ನಾಚಿ ಬಾಗಿಲು ಮುಚ್ಚಿಕೊಂಡಿದ್ದ ಕಾಲವದು. ಎಲ್ಲರ ಮನೆಯ ಗಂಜಿಯೂ ತಿಳಿಯೇ ಎಂದು ಅಂದು ಬಹಿರಂಗವಾಯಿತು, ನಾಚಿಕೆ ಹೋಯಿತು. ಕಾಳು ಇದ್ದವರು ಇಲ್ಲದವರ ಮನೆಗೆ ಒಂದು ಸೇರು ಕಳಿಸಲು ಆಮೇಲೆ ಸಂಕೋಚಪಡಲಿಲ್ಲ.

ಅಟ್ಟದಿಂದ ನಗೆ ಮುಂದೆ ಕಂಪನಿ ನಾಟಕಕ್ಕೆ ಏರಿತು. ಸ್ವತಃ ಹಾಸ್ಯನಟರಾದ ಗುಬ್ಬಿ ವೀರಣ್ಣನವರು (1891–1972) 'ಸದಾರಮೆ'ಯ ಕಳ್ಳನ ಪಾತ್ರದಿಂದಲೇ ಮನೆಮಾತಾದರು. ನಮ್ಮ ಕಡೆಯ ಕಂಪನಿಗಳಲ್ಲೂ ಹಾಸ್ಯದ ಜೋಡಿ ಇಲ್ಲದ ನಾಟಕಕ್ಕೆ ಗಲ್ಲಾ ತುಂಬುತ್ತಿರಲಿಲ್ಲ. ಮಾಸ್ಟರ್ ಹಿರಣ್ಣಯ್ಯನವರು (1934–2019) 'ಲಂಚಾವತಾರ'ದಲ್ಲಿ ಅಧಿಕಾರದಲ್ಲಿದ್ದವರನ್ನು ಮುಖಕ್ಕೆ ಮುಖ ಕೊಟ್ಟು ಲೇವಡಿ ಮಾಡಿದರು. ಅವರನ್ನು ನೋಡಿದಾಗಲೆಲ್ಲ ನನಗೆ ನಮ್ಮ ಸಾರಥಿಯೇ ಮುಖಕ್ಕೆ ಬಣ್ಣ ಹಚ್ಚಿಕೊಂಡು ಪಟ್ಟಣಕ್ಕೆ ಬಂದಂತೆ ಅನಿಸುತ್ತಿತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ನಗೆ ರೇಡಿಯೋದಲ್ಲಿಯೂ ಬಂತು. ಅಕ್ಷರ ಬಲ್ಲವರಿಗೆ 1942ರಿಂದ 1967ರವರೆಗೆ 'ಕೊರವಂಜಿ' ಪತ್ರಿಕೆ ಇತ್ತು. ಅದರ ಸಂಪಾದಕರಾದ 'ರಾಶಿ'ಯವರು, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ನನಗೆ ನಗುವನ್ನು ಬರೆದುಕೊಟ್ಟ ವೈದ್ಯರಿಗೆ ಅಷ್ಟು ಹಳೆಯ ಗುರುಪರಂಪರೆಯಿದೆ! ಹರಪನಹಳ್ಳಿಯಲ್ಲಿ ಹುಟ್ಟಿದ ಬೀchiಯವರ ಹೆಸರನ್ನು ಇಲ್ಲಿ ಪೂರ್ಣ ಕನ್ನಡದಲ್ಲಿ 'ಬೀಚಿ' ಎಂದೇ ಬರೆಯುತ್ತೇನೆ. ಅವರು ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟು, ಮೊದಲು ತಮ್ಮನ್ನೇ ನಗೆಗೆ ಒಡ್ಡಿಕೊಂಡರು. ಇಂದು ಊರೂರಿನಲ್ಲಿ ನಡೆಯುವ ಹಾಸ್ಯಸಂಜೆಗಳಲ್ಲಿ ಗಂಗಾವತಿ ಪ್ರಾಣೇಶರಂಥವರು ಬೀಚಿಯವರನ್ನು ನೆನೆಯದೆ ಮಾತು ಮುಗಿಸುವುದಿಲ್ಲ.

ಇನ್ನು ನಗೆಯ ಪ್ರಯೋಜನದ ಮಾತು. ಅಮೇರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ 1964ರಲ್ಲಿ ಬೆನ್ನುಹುರಿಯ ಭಾಗದ ತೀವ್ರ ನೋವಿನ ಕಾಯಿಲೆಗೆ ತುತ್ತಾದರು. ಹಾಸ್ಯ ಚಿತ್ರಗಳನ್ನು ನೋಡಿ ಹತ್ತು ನಿಮಿಷ ಹೊಟ್ಟೆತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತೆಂದು ಅವರು ಬರೆದರು. ಒಬ್ಬರ ಅನುಭವ ಶಾಸ್ತ್ರವಾಗಲಾರದು, ನಿಜ. ಆದರೆ ಇಂಗ್ಲೆಂಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜೊತೆಗೂಡಿ ಮನಸಾರೆ ನಕ್ಕವರ ನೋವು ತಾಳುವ ಶಕ್ತಿ ಹೆಚ್ಚಿದ್ದು ಕಂಡುಬಂತು. ದೇಹದಲ್ಲಿಯೇ ಉತ್ಪತ್ತಿಯಾಗುವ ಎಂಡಾರ್ಫಿನ್ ಎಂಬ ದ್ರವ್ಯ ಇದಕ್ಕೆ ಕಾರಣವೆಂದು ಅವರ ಅಭಿಪ್ರಾಯ. ರಾಬರ್ಟ್ ಪ್ರೊವೈನ್ ಎಂಬ ಇನ್ನೊಬ್ಬ ವಿಜ್ಞಾನಿ, ಮನುಷ್ಯ ಒಬ್ಬನೇ ಇರುವಾಗಿಗಿಂತ ಇತರರ ಸಂಗಡ ಇರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದು ಲೆಕ್ಕ ಹಾಕಿದರು. ಅದನ್ನು ಓದಿದಾಗ ನನಗೆ ಅಜ್ಜನ ಮಾತು ನೆನಪಾಯಿತು. ಅವರಿಗೆ ಪ್ರಯೋಗಶಾಲೆ ಬೇಕಾಗಿರಲಿಲ್ಲ. ಮುಂಬಯಿಯಲ್ಲಿ ಡಾ. ಮದನ್ ಕಟಾರಿಯಾ 1995ರ ಮಾರ್ಚ್ 13ರಂದು ಐವರನ್ನು ಕೂಡಿಸಿ ಉದ್ಯಾನದಲ್ಲಿ ನಗೆಕೂಟ ಆರಂಭಿಸಿದ್ದು ಕೂಡ ಕೂಡಿ ನಗುವ ಇದೇ ತತ್ವದ ಮೇಲೆ. ಇಂದು ಅದು ಅನೇಕ ದೇಶಗಳಿಗೆ ಹಬ್ಬಿದೆ.

ಇಷ್ಟೆಲ್ಲ ಬರೆದ ಮೇಲೆ ನನ್ನ ಒಂದು ತಪ್ಪನ್ನು ಹೇಳದಿದ್ದರೆ ಈ ಇತಿಹಾಸ ಅಪೂರ್ಣ. ತರಗತಿಯಲ್ಲಿ ಹುಡುಗರನ್ನು ನಗಿಸುವುದೇ ಉತ್ತಮ ಬೋಧನೆಯೆಂದು ನಾನು ಒಂದು ಕಾಲಕ್ಕೆ ನಂಬಿದ್ದೆ. ಮುಂಜಾನೆ ಎಮ್ಮೆ ಹಿಂಡಿ, ಸಗಣಿ ಬಳಿದು ತಡವಾಗಿ ಬರುವ ಒಬ್ಬ ಹುಡುಗನಿದ್ದ. ಒಂದು ದಿನ ಅವನು ಬಾಗಿಲಲ್ಲಿ ನಿಂತಾಗ, "ಬಾರಪ್ಪ, ನಿನಗಿಂತ ಮೊದಲ ನಿನ್ನ ವಾಸನಿ ಹಾಜರಿ ಹೇಳೇತಿ" ಎಂದೆ. ಐವತ್ತು ಹುಡುಗರು ನಕ್ಕರು. ನಾನೂ ನಕ್ಕೆ. ಅವನು ಮರುದಿನ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಪರಸ್ಥ ಹಾಸ್ಯವೆಂದರೆ ಪರರನ್ನು ನಗಿಸುವುದು, ಪರರ ಮೇಲೆ ನಗೆಯನ್ನು ಎಸೆಯುವುದಲ್ಲ ಎಂಬುದನ್ನು ಬಿ.ಎಡ್. ಓದುವಾಗ ನಾನು ಕಲಿತಿರಲಿಲ್ಲ. ಸಾರಥಿ ರಾಜನನ್ನು ನಗೆಗೆ ಈಡುಮಾಡಿದ. ನಾನು ಎಮ್ಮೆ ಕಾಯುವ ಹುಡುಗನನ್ನು.

ಹಲವು ವರ್ಷಗಳ ನಂತರ ನೆರೆಯ ಹಳ್ಳಿಯೊಂದರ ದೊಡ್ಡಾಟಕ್ಕೆ ನನ್ನನ್ನು ಅತಿಥಿಯಾಗಿ ಕರೆದು ಮುಂದಿನ ಕುರ್ಚಿಯಲ್ಲಿ ಕೂಡ್ರಿಸಿದ್ದರು. ಸಾರಥಿಯ ಧ್ವನಿ ಕೇಳಿದೊಡನೆ ಗುರುತು ಹತ್ತಿತು. ಅವನೂ ನನ್ನನ್ನು ಗುರುತಿಸಿದ್ದ. ರಾಜ, "ಸಾರಥಿ, ನೀನು ಎಷ್ಟು ವಿದ್ಯೆಯನ್ನು ಕಲಿತಿರುವೆ?" ಎಂದು ಕೇಳಿದಾಗ ಅವನು ನನ್ನ ಕಡೆ ತಿರುಗಿ, "ಎಂಟನೇತ್ತಾ ಮಟಾ ಕಲ್ತೇನ್ರಿ. ಮುಂದ ಕಲೀತಿದ್ನಿ, ಆದ್ರ ಮಾಸ್ತರಗ ನನ್ನ ಎಮ್ಮಿ ವಾಸನಿ ಸೇರಲಿಲ್ಲ. ಈಗ ಅದ ಎಮ್ಮಿ ಹಾಲಿನ ಚಾ ಕುಡದ ಕುಂತಾರ ನೋಡ್ರಿ!" ಎಂದ. ಜನ ಬಿದ್ದು ಬಿದ್ದು ನಕ್ಕರು. ನನ್ನ ಮುಖ ಬಿಸಿಯಾಯಿತು. ಆದರೆ ಸ್ವಲ್ಪ ಹೊತ್ತಿನಲ್ಲಿ ನನಗೂ ನಗೆ ತಡೆಯಲಾಗಲಿಲ್ಲ. ಅದು ನ್ಯಾಯವಾದ ಲೆಕ್ಕ.

ಬೆಳಗಾದ ಮೇಲೆ ಅವನು ಬಣ್ಣ ಅಳಿಸಿಕೊಂಡು ಬಂದು, "ಸಿಟ್ಟ ಬಂತೇನ್ರಿ ಸರ?" ಎಂದ. "ಇಲ್ಲೋ ತಮ್ಮಾ, ತಪ್ಪು ನಂದ" ಎಂದೆ. ಹಾಗೆ ಹೇಳಲು ನನಗೆ ಅಷ್ಟು ವರ್ಷ ಬೇಕಾದವು. ಅವನ ಮಗಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. "ಅಕಿ ಸಾಲಿ ಬಿಡಂಗಿಲ್ರಿ" ಎಂದು ಅವನೇ ಹೇಳಿದ.

ಓದುಗ ಮಿತ್ರರೇ, ವೈದ್ಯರ ಮಾತು ಸುಳ್ಳಲ್ಲ. ದಿನಕ್ಕೆ ಹತ್ತು ನಿಮಿಷ ನಗೋಣ. ಆದರೆ ಒಬ್ಬರೇ ಕೋಣೆಯಲ್ಲಿ ಕುಳಿತು ಫೋನಿನ ಗಾಜನ್ನು ನೋಡಿ ನಗುವುದಕ್ಕಿಂತ, ಕಟ್ಟೆಗೆ ಹೋಗಿ ನಾಲ್ಕು ಜನರ ನಡುವೆ ನಗೋಣ. ನಗಿಸುವಾಗ ಮೊದಲು ನಮ್ಮ ಮೇಲೆ ನಗೋಣ, ಆಮೇಲೆ ದೊಡ್ಡವರ ಮೇಲೆ. ಬಾಗಿಲಲ್ಲಿ ತಡವಾಗಿ ಬಂದು ನಿಂತವನ ಮೇಲೆ ಮಾತ್ರ ಬೇಡ. ನನ್ನ ರಕ್ತದೊತ್ತಡ ಈಗ ಹದಕ್ಕೆ ಬಂದಿದೆ. ಗುಳಿಗೆಯಿಂದಲೋ ಶ್ರೀಮತಿಯವರ ಮಾತಿನಿಂದಲೋ ಎಂಬುದನ್ನು ನಾನು ವೈದ್ಯರಿಗೆ ಹೇಳಲು ಹೋಗಿಲ್ಲ.